ಆಗುಂಬೆಯ ಮಳೆಯಲ್ಲಿ ಮಾಲ್ಗುಡಿಯ ನಕ್ಷೆ

ಇಲ್ಲದ ಊರಿಗೆ ಹೋಗುವುದು ಹೇಗೆಂದು ಯಾರಾದರೂ ಕೇಳಿದರೆ, ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೋಗುವ ರೈಲು ಹತ್ತಿ ಅರಸಾಳಿನಲ್ಲಿ ಇಳಿಯಿರಿ ಎನ್ನುತ್ತೇನೆ. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಇದೇ ಅರಸಾಳು. ಹಳೆಯ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಅದನ್ನೊಂದು ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಕಳೆದ ದಸರಾ ರಜೆಯಲ್ಲಿ ಒಂಬತ್ತನೇ ತರಗತಿಯ ನನ್ನ ಮಗನೊಂದಿಗೆ ಅಲ್ಲಿಳಿದಾಗ ನಮ್ಮ ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ಕೊಡೆ ಮತ್ತು ಸುರುಳಿ ಸುತ್ತಿದ ನಾಲ್ಕು ಡ್ರಾಯಿಂಗ್ ಶೀಟುಗಳಿದ್ದವು. ಚೀಲದಲ್ಲಿ ಎರಡು ದಿನದ ಬಟ್ಟೆ, ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪುಸ್ತಕ, ಒಂದು ಬಾಟಲಿ ಕಪ್ಪು ಡ್ರಾಯಿಂಗ್ ಶಾಯಿ, ಅದ್ದಿ ಬರೆಯುವ ನಿಬ್ಬು ಮೂರು. ಮಾಲ್ಗುಡಿಯ ನಕ್ಷೆಯನ್ನು ಕೈಯಿಂದ ಬರೆದು ತರುವುದು ನಮ್ಮ ಪ್ರವಾಸದ ಉದ್ದೇಶ.

ಐವತ್ತು ದಾಟಿದ ವಿಜ್ಞಾನದ ಮೇಷ್ಟ್ರಿಗೆ ಇದೆಂಥ ಹುಚ್ಚು ಎನ್ನುವಿರಾ? ಕಾರಣ ಹೇಳಿಬಿಡುತ್ತೇನೆ. ಅದರಲ್ಲಿ ನನ್ನದೇ ತಪ್ಪಿದೆ.

ಮಗ ನಾನು ಪಾಠ ಮಾಡುವ ಶಾಲೆಯಲ್ಲೇ ಓದುತ್ತಾನೆ. ಏಳನೇ ತರಗತಿಯಲ್ಲಿದ್ದಾಗ ವಿಜ್ಞಾನದ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ದೇಶದ ನಕ್ಷೆ ಬರೆದಿದ್ದ. ಭೂಮಿಯ ಮೇಲೆಲ್ಲೂ ಇಲ್ಲದ ದೇಶ. ಎರಡೂ ಕಡೆ ಸಮುದ್ರ, ನಡುವೆ ಬೆಟ್ಟದ ಸಾಲು, ಕೋಟೆ, ಕಾಡು, ಕಳ್ಳರ ಗವಿ. ಬೆಟ್ಟದಿಂದ ಹೊರಟ ಒಂದು ನದಿ ಮಧ್ಯದಲ್ಲಿ ಇಬ್ಭಾಗವಾಗಿ ಒಂದು ಕವಲು ಪೂರ್ವದ ಸಮುದ್ರಕ್ಕೂ ಇನ್ನೊಂದು ಪಶ್ಚಿಮದ ಸಮುದ್ರಕ್ಕೂ ಹೋಗುತ್ತಿತ್ತು. ಜೆಲ್ ಪೆನ್ನಿನಲ್ಲಿ ಎಷ್ಟು ದಿನ ಕೂತು ತಿದ್ದಿದ್ದನೋ. ನಾನು ಕೆಂಪು ಪೆನ್ನಿನಲ್ಲಿ ಆ ಕವಲಿಗೆ ಸುತ್ತು ಹಾಕಿ ‘ತಪ್ಪು’ ಎಂದು ಬರೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಪುಸ್ತಕವನ್ನು ಎತ್ತಿ ಇಡೀ ತರಗತಿಗೆ ತೋರಿಸಿ, “ನೀರು ತಗ್ಗಿಗೆ ಹರಿಯುತ್ತದೋ, ಮನಸ್ಸು ಬಂದ ಕಡೆಗೆ ಹರಿಯುತ್ತದೋ?” ಎಂದು ಕೇಳಿದೆ. ಮಕ್ಕಳು ನಕ್ಕರು. ಅವನೂ ನಕ್ಕ. ಆಮೇಲೆ ಎರಡು ವರ್ಷ ಮನೆಯಲ್ಲಿ ಒಂದೇ ಒಂದು ನಕ್ಷೆ ಬರೆಯಲಿಲ್ಲ. “ಓದುವ ಹುಡುಗ, ಚಿತ್ರ ಗಿತ್ರ ಬಿಟ್ಟ” ಎಂದು ನಾನು ಒಳಗೊಳಗೇ ಸಮಾಧಾನ ಪಟ್ಟುಕೊಂಡದ್ದೂ ನಿಜ.

ನನ್ನ ಸಮಾಧಾನ ಕೆಡಿಸಿದವನು ಜರ್ಮನಿಯ ಹಂಬೋಲ್ಟ್. ಪಾಠದ ತಯಾರಿಗೆಂದು ಆತನ ಪ್ರವಾಸದ ವಿಷಯ ಓದುತ್ತಿದ್ದೆ. 1800ರಲ್ಲಿ ಆತ ದಕ್ಷಿಣ ಅಮೆರಿಕದಲ್ಲಿ ಕಸಿಕಿಯಾರೆ ಎಂಬ ಹೊಳೆಯಲ್ಲಿ ದೋಣಿ ನಡೆಸಿದ್ದ. ವೆನೆಜುವೆಲಾದ ಒರಿನೋಕೋ ನದಿಯಿಂದ ಕವಲೊಡೆಯುವ ಈ ಹೊಳೆ ತಿರುಗಿ ಅದಕ್ಕೆ ಸೇರುವುದಿಲ್ಲ; ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ರಿಯೋ ನೀಗ್ರೋ ಸೇರಿ, ಅದರ ಮೂಲಕ ಅಮೆಜಾನ್ ಸೇರುತ್ತದೆ. ಅಂದರೆ ಒಂದೇ ನದಿಯ ನೀರು ಎರಡು ಮಹಾನದಿಗಳಿಗೆ ಹಂಚಿಹೋಗುತ್ತದೆ. ಇನ್ನಷ್ಟು ಹುಡುಕಿದರೆ ಅಮೆರಿಕದ ವ್ಯೋಮಿಂಗ್ ಪ್ರಾಂತ್ಯದಲ್ಲಿ ಇನ್ನೊಂದು ಸಿಕ್ಕಿತು. ಅಲ್ಲೊಂದು ಚಿಕ್ಕ ತೊರೆ ನೀರು ಬೇರ್ಪಡುವ ದಿಣ್ಣೆಯ ಮೇಲೆಯೇ ಎರಡಾಗಿ ಸೀಳಿ, ಒಂದು ಕವಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಪೆಸಿಫಿಕ್ ಕಡೆಗೆ ಹೋಗುತ್ತದೆ. ತೊರೆಯ ಹೆಸರೇ ‘ಎರಡು ಸಾಗರದ ತೊರೆ’. ನದಿಗಳು ಸಾಧಾರಣವಾಗಿ ಕೂಡುತ್ತವೆ, ಕವಲೊಡೆಯುವುದು ಅಪರೂಪ. ಅಪರೂಪ ಎಂದರೆ ತಪ್ಪು ಎಂದಲ್ಲವಲ್ಲ. ಮಗನ ನದಿ ಸರಿಯಿತ್ತು. ನನ್ನ ಕೆಂಪು ಶಾಯಿ ತಪ್ಪಿತ್ತು.

ಇದನ್ನು ಮನೆಯಲ್ಲಿ ಹೇಳಿಕೊಂಡೆ. “ನೀವೇ ಕೆಡಿಸಿದ್ದು, ನೀವೇ ಸರಿ ಮಾಡಿ” ಎಂದಳು ಹೆಂಡತಿ. ಜೊತೆಗೇ, “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಅದೂ ನೆನಪಿರಲಿ” ಎಂದೂ ಸೇರಿಸಿದಳು. ಹೀಗಾಗಿ ದಸರಾ ರಜೆಯೇ ಗತಿಯಾಯಿತು.

ಮಾಲ್ಗುಡಿಯನ್ನು ಆರಿಸಿದ್ದು ಅವನೇ. ಮೊಬೈಲಿನಲ್ಲಿ ಹಳೆಯ ಧಾರಾವಾಹಿ ನೋಡಿ ಪುಸ್ತಕಕ್ಕೆ ಬಂದಿದ್ದ. ಅದು 1986ರಲ್ಲಿ ದೂರದರ್ಶನದಲ್ಲಿ ಆರಂಭವಾದಾಗ ನಾನು ಪಿಯುಸಿ ಹುಡುಗ. ಪಕ್ಕದ ಮನೆಯ ಕಪ್ಪು ಬಿಳುಪು ಟಿ.ವಿ. ಮುಂದೆ ನೆಲದ ಮೇಲೆ ಕೂತು ನೋಡಿದ್ದೆ. ಆರ್.ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಈ ಊರು ಹುಟ್ಟಿದ ಬಗೆ ಹೇಳಿದ್ದಾರೆ. 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಹೊಸ ನೋಟ್‌ಬುಕ್ ತೆರೆದು ಕೂತಾಗ ಅವರಿಗೆ ಮೊದಲು ಕಂಡದ್ದು ಒಂದು ಸಣ್ಣ ರೈಲು ನಿಲ್ದಾಣವಂತೆ. ಉಳಿದ ಊರು ಆಮೇಲೆ ಬೆಳೆಯಿತು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು 1935ರಲ್ಲಿ. ಆದ್ದರಿಂದ ನಮ್ಮ ನಕ್ಷೆಯೂ ನಿಲ್ದಾಣದಿಂದಲೇ ಶುರುವಾಗಲಿ ಎಂದು ಅರಸಾಳಿನ ಕಲ್ಲುಬೆಂಚಿನ ಮೇಲೆ ಕುಳಿತು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಚೌಕ ಬರೆದೆವು. ಅಲ್ಲಿಂದ ಹಳಿ ಎಳೆಯಬೇಕು. ಯಾವ ದಿಕ್ಕಿಗೆ?

ಮೊದಲ ಗೆರೆಯಲ್ಲೇ ತಗಾದೆ. ಮಗನ ಕಣ್ಣಿನಲ್ಲಿದ್ದದ್ದು ಟಿ.ವಿ.ಯ ಮಾಲ್ಗುಡಿ: ಹೆಂಚಿನ ಮನೆ, ಉದ್ದನೆಯ ಜಗುಲಿ, ಹಸಿರು ಗುಡ್ಡ. ಪುಸ್ತಕದ ಮಾಲ್ಗುಡಿಯಲ್ಲಿ ಜನ ಸಂಜೆ ಸರಯೂ ನದಿಯ ಮರಳಿನ ಮೇಲೆ ಕುಳಿತು ಹರಟುತ್ತಾರೆ. ರೈಲು ಮದರಾಸಿನ ಕಡೆಗೆ, ತಿರುಚಿಯ ಕಡೆಗೆ ಓಡುತ್ತದೆ. ಅದು ಮದರಾಸು ಸೀಮೆಯ ಊರು. ನಾರಾಯಣ್ ಮೈಸೂರಿನಲ್ಲಿ ಬಾಳಿದವರಾದರೂ ಮಾಲ್ಗುಡಿಯನ್ನು ಮೈಸೂರೆಂದು ಯಾರಿಗೂ ಬಿಟ್ಟುಕೊಡಲಿಲ್ಲ. ಅದು ಯಾವ ನಕ್ಷೆಯಲ್ಲೂ ಇಲ್ಲವೆಂದು ಹೇಳುತ್ತಲೇ, ಷಿಕಾಗೊ ವಿಶ್ವವಿದ್ಯಾಲಯದವರು ತಮ್ಮ ಸಾಹಿತ್ಯ ಅಟ್ಲಾಸಿನಲ್ಲಿ ಭಾರತದ ನಕ್ಷೆಯ ಮೇಲೆ ಮಾಲ್ಗುಡಿಯನ್ನು ಗುರುತಿಸಿಬಿಟ್ಟಿದ್ದಾರೆ ಎಂದು ‘ಮಾಲ್ಗುಡಿ ಡೇಸ್’ ಕಥಾಸಂಕಲನದ ಮುನ್ನುಡಿಯಲ್ಲಿ ತಮಾಷೆ ಮಾಡಿದ್ದಾರೆ. ಜೇಮ್ಸ್ ಫೆನ್ನೆಲಿ ಎಂಬ ಅಮೆರಿಕದ ಪ್ರಾಧ್ಯಾಪಕರಂತೂ ಕಾದಂಬರಿಗಳನ್ನೆಲ್ಲ ಜರಡಿ ಹಿಡಿದು ಊರಿನ ನಕ್ಷೆಯನ್ನೇ ಮಾಡಿದರು. ನಾವು ಅದನ್ನು ನೋಡಕೂಡದು ಎಂದು ಮೊದಲೇ ಕರಾರು ಮಾಡಿಕೊಂಡಿದ್ದೆವು. ಗೈಡ್ ನೋಡಿ ಲೆಕ್ಕ ಮಾಡಿದ ಹಾಗಾಗುತ್ತದೆ.

ಅರಸಾಳಿನಿಂದ ರಿಪ್ಪನ್‌ಪೇಟೆ, ಅಲ್ಲಿಂದ ತೀರ್ಥಹಳ್ಳಿ, ಮತ್ತೊಂದು ಬಸ್ಸು ಹಿಡಿದು ಆಗುಂಬೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಧಾರಾವಾಹಿಯ ಬೀದಿಗಳು ಹೆಚ್ಚಿನವು ಇಲ್ಲಿಯವೇ. ಅಕ್ಟೋಬರ್ ಆದರೂ ಮಳೆ ಬಿಟ್ಟಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಸುಮಾರು 90 ಕಿಲೋಮೀಟರ್ ದೂರದ ನಮ್ಮ ಶಿವಮೊಗ್ಗದಲ್ಲಿ ಅದರ ಐದನೇ ಒಂದು ಪಾಲೂ ಬೀಳದು. ಕಡಲ ಮೇಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಢಿಕ್ಕಿ ಹೊಡೆದು ಮೇಲೇರಿ, ತಣ್ಣಗಾಗಿ, ಹೊತ್ತದ್ದನ್ನೆಲ್ಲ ಇಲ್ಲೇ ಸುರಿದುಬಿಡುತ್ತದೆ. ಆಚೆ ಬದಿಗೆ ಇಳಿಯುವಾಗ ಗಾಳಿಯ ಜೇಬು ಖಾಲಿ. ಕಲ್ಪನೆಯ ನಕ್ಷೆ ಬರೆಯುವ ಮಕ್ಕಳು ಮರುಭೂಮಿಯನ್ನು ಎಲ್ಲಿ ಜಾಗ ಉಳಿಯಿತೋ ಅಲ್ಲಿ ಇಡುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಮೊದಲು ಒಂದು ಬಾಣದ ಗುರುತು ಹಾಕಿಕೊಂಡರೆ ಕಾಡು ಎಲ್ಲಿ, ಬಯಲು ಎಲ್ಲಿ ಎಂಬುದು ತಾನಾಗಿ ಗೊತ್ತಾಗುತ್ತದೆ. ಅಟ್ಲಾಸ್ ಕೆಳಗಿಟ್ಟು ಭಾರತದ ನಕ್ಷೆ ತೆಗೆಯುವವನಿಗೆ ಈ ಯೋಚನೆಯೇ ಬೇಕಿಲ್ಲ; ಇಲ್ಲದ ದೇಶ ಬರೆಯುವವನಿಗೆ ಬೇಕು.

ಪರಿಚಯದವರೊಬ್ಬರ ಮನೆಯ ಜಗುಲಿಯಲ್ಲಿ ಹಾಳೆ ಹರಡಿ ಕೂತೆವು. ಪುಸ್ತಕದಿಂದ ಸ್ಥಳಗಳನ್ನು ಹೆಕ್ಕಿ ಚೀಟಿಯಲ್ಲಿ ಬರೆಯುವುದು ಅವನ ಕೆಲಸ: ಸ್ವಾಮಿಯ ಮನೆ ವಿನಾಯಕ ಮುದಲಿ ಬೀದಿಯಲ್ಲಿ, ಮಣಿಯದು ಅಬು ಲೇನಿನಲ್ಲಿ, ರಾಜಮ್‌ನದು ಲಾಲಿ ಬಡಾವಣೆಯಲ್ಲಿ. ಆಲ್ಬರ್ಟ್ ಮಿಷನ್ ಶಾಲೆ, ಮಾರ್ಕೆಟ್ ರಸ್ತೆ, ಎಲ್ಲಮ್ಮನ ಬೀದಿ, ನಲ್ಲಪ್ಪನ ತೋಪು, ಸ್ವಾಮಿ ದಾರಿ ತಪ್ಪಿದ ಮೆಂಪಿ ಕಾಡಿನ ರಸ್ತೆ. ಬಿಟ್ಟರೆ ‘ಗೈಡ್’ ಕಾದಂಬರಿಯ ಗುಹೆಗಳನ್ನೂ ಸೇರಿಸಲು ಹೊರಟಿದ್ದ. ಬೇಡ, 1935ರ ಪುಸ್ತಕವೊಂದನ್ನೇ ಹಿಡಿಯೋಣ ಎಂದೆ. ನಕ್ಷೆಗೂ ಜನ್ಮತಾರೀಖು ಬೇಕು. ಊರು ನಿಂತಲ್ಲಿ ನಿಲ್ಲುವುದಿಲ್ಲವಲ್ಲ. ನಾರಾಯಣ್ ಅವರದೇ ‘ಲಾಲಿ ರೋಡ್’ ಕಥೆಯಲ್ಲಿ ಸ್ವಾತಂತ್ರ್ಯ ಬಂದ ಉತ್ಸಾಹದಲ್ಲಿ ಮಾಲ್ಗುಡಿಯ ಪುರಸಭೆ ಬೀದಿಗಳ ಹೆಸರು ಬದಲಿಸಿ ಜನ ತಮ್ಮ ಊರಿನಲ್ಲೇ ದಾರಿ ತಪ್ಪುವ ಹಾಗೆ ಮಾಡುತ್ತದೆ. ನಮ್ಮ ಊರುಗಳಲ್ಲೂ ಆ ಕಥೆ ನಡೆದೇ ಇದೆ.

ಶಾಲೆಗೆ ಹೋಗಿಬರುವ ಹುಡುಗನ ನಡಿಗೆಯಿಂದ ಅಳತೆ ಹಿಡಿದೆವು. ಗಂಟೆಗೆ 4 ಕಿಲೋಮೀಟರ್ ಎಂದರೆ ಹದಿನೈದು ನಿಮಿಷಕ್ಕೆ ಒಂದು. ಹಾಳೆಯ ಮೇಲೆ ಅದಕ್ಕೆ 8 ಸೆಂಟಿಮೀಟರ್. ಬ್ರಿಟನ್ನಿನ ಟೋಲ್ಕೀನ್ ತಮ್ಮ ಉಂಗುರದ ಕಥೆಗೆ ಹೀಗೇ ಚೌಕಗಳ ಅಳತೆ ಹಾಕಿ ಮೊದಲ ನಕ್ಷೆ ಬರೆದಿದ್ದರು. ಕಥೆ ಬೆಳೆದಂತೆ ಹಾಳೆಗೆ ಹಾಳೆ ಅಂಟಿಸುತ್ತ ಹೋದರು. ಅದನ್ನು ಶುದ್ಧಪ್ರತಿ ಮಾಡಿ 1954ರ ಪುಸ್ತಕಕ್ಕೆ ಒದಗಿಸಿದವರು ಅವರ ಮಗ ಕ್ರಿಸ್ಟೋಫರ್.

ಮಳೆ ಜೋರಾಯಿತು. ಇನ್ನೊಬ್ಬ ಅಪ್ಪ ಮಗನ ಕಥೆ ಹೇಳಲು ಅದು ತಕ್ಕ ಸಮಯ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಬೆಟ್ಟದೂರು. ಅಲ್ಲಿಯ ಬೇಸಿಗೆಯೆಂದರೆ ನಮ್ಮ ಆಗುಂಬೆಯ ತಮ್ಮ. ಸದಾ ಮಳೆ, ಚಳಿ. ರಾಬರ್ಟ್ ಲೂಯಿ ಸ್ಟೀವನ್‌ಸನ್ ಆರೋಗ್ಯವಿಲ್ಲದೆ ಮನೆಯೊಳಗೇ ಇದ್ದರು. ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್, ಹದಿಮೂರರ ಹುಡುಗ, ಬಣ್ಣದ ಡಬ್ಬಿ ಹಿಡಿದು ಕೂತಿರುತ್ತಿದ್ದ. ಅವನ ಜೊತೆ ಆಟಕ್ಕೆಂದು ಇವರೂ ಒಂದು ದ್ವೀಪದ ನಕ್ಷೆ ಬರೆದರು. ಕೊಲ್ಲಿ, ಗುಡ್ಡ, ನಿಧಿಯ ಗುರುತು. ನಕ್ಷೆಯನ್ನು ದಿಟ್ಟಿಸುತ್ತಿದ್ದ ಹಾಗೆ ಮರಗಳ ನಡುವಿನಿಂದ ಕಡಲ್ಗಳ್ಳರು ಇಣುಕಿದರು. ‘ಟ್ರೆಷರ್ ಐಲೆಂಡ್’ ಹುಟ್ಟಿತು. ಪತ್ರಿಕೆಯಲ್ಲಿ ಬಂದು 1883ರಲ್ಲಿ ಪುಸ್ತಕವಾಗುವಾಗ ಮೂಲ ನಕ್ಷೆಯನ್ನು ಪ್ರಕಾಶಕರಿಗೆ ಕಳಿಸಿದರೆ ಅದು ಮುಟ್ಟಲೇ ಇಲ್ಲ, ಕಳೆದುಹೋಯಿತು.

“ಆಮೇಲೆ?” ಎಂದ ಮಗ.

ಆಮೇಲೆ ಸ್ಟೀವನ್‌ಸನ್ ತಾವೇ ಬರೆದ ಪುಸ್ತಕವನ್ನು ಸಾಲು ಸಾಲಾಗಿ ಓದಿ, ಎಲ್ಲೆಲ್ಲಿ ದಿಕ್ಕು, ದೂರ ಹೇಳಿದ್ದೇನೆಂದು ಪಟ್ಟಿ ಮಾಡಿ, ಕೈವಾರ ಹಿಡಿದು ಹೊಸ ನಕ್ಷೆ ಮಾಡಬೇಕಾಯಿತು. ಮೊದಲು ನಕ್ಷೆ ಬರೆದು ಅದಕ್ಕೆ ಕಥೆ ಹೊಂದಿಸುವುದು ಸುಲಭ, ಕಥೆಗೆ ನಕ್ಷೆ ಹೊಂದಿಸುವುದು ಪ್ರಾಣಸಂಕಟ ಎಂದು ಅವರು ಆಮೇಲೆ ಬರೆದುಕೊಂಡರು. ಅವರ ತಂದೆ ಥಾಮಸ್ ಸ್ಟೀವನ್‌ಸನ್ ದೀಪಸ್ತಂಭ ಕಟ್ಟುವ ಹೆಸರಾಂತ ಎಂಜಿನಿಯರ್. ಮಗ ಮನೆತನದ ಕಸುಬು ಬಿಟ್ಟದ್ದು ಅವರಿಗೆ ಬೇಸರ ತಂದಿತ್ತು. ಅಂಥವರ ಆಫೀಸಿನಲ್ಲೇ ಹೊಸ ನಕ್ಷೆ ತಯಾರಾಯಿತು. ಕಡಲ್ಗಳ್ಳ ಕ್ಯಾಪ್ಟನ್ ಫ್ಲಿಂಟನ ಸಹಿಯನ್ನು ತಂದೆಯೇ ತಮ್ಮ ಕೈಯಾರೆ ಫೋರ್ಜರಿ ಮಾಡಿದರು!

ಮಗ ಬಹಳ ಹೊತ್ತು ನಕ್ಕ. ನನಗೆ ಮಾತ್ರ ಗಂಟಲಿನವರೆಗೆ ಬಂದ ಮಾತು ಅಲ್ಲೇ ನಿಂತಿತು.

ಸಂಜೆ ಮಳೆ ಸ್ವಲ್ಪ ಹಿಡಿದಾಗ ಸೂರ್ಯಾಸ್ತ ನೋಡುವ ಜಾಗಕ್ಕೆ ನಡೆದೆವು. ಆಕಾಶ ತಿಳಿಯಾದ ದಿನ ಅಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ. ಅವತ್ತು ಸೂರ್ಯನೂ ಇಲ್ಲ, ಸಮುದ್ರವೂ ಇಲ್ಲ. ಕಣಿವೆ ತುಂಬ ಮಂಜು. ಕಟ್ಟೆಯ ಮೇಲೆ ಒದ್ದೆಯಲ್ಲೇ ಕೂತು ಹೇಳಿದೆ. ಈ ದಿಣ್ಣೆಯ ಈಚೆಗೆ ಬಿದ್ದ ಮಳೆ ಮಾಲತಿ ಹೊಳೆ ಸೇರಿ, ತುಂಗೆಯಾಗಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಚೆಗೆ ಬಿದ್ದದ್ದು ಸೀತಾ ನದಿ ಸೇರಿ ಅರಬ್ಬೀ ಸಮುದ್ರಕ್ಕೆ. ನಡುವೆ ಒಂದು ಕೊಡೆಯಷ್ಟು ಜಾಗ.

“ಗೊತ್ತು. ಅದನ್ನೇ ಅಲ್ವಾ ನಾನು ಬರೆದಿದ್ದು” ಎಂದ, ಕಣಿವೆಯನ್ನೇ ನೋಡುತ್ತ.

ಅವನು ಮರೆತಿರಲಿಲ್ಲ. ಆಗ ಕಸಿಕಿಯಾರೆಯ ವಿಷಯ, ಎರಡು ಸಾಗರದ ತೊರೆಯ ವಿಷಯ ಎಲ್ಲ ಹೇಳಿದೆ. “ನಿನ್ನ ನದಿ ಸರಿ ಇತ್ತು ಕಣೋ. ನಾನು ಗೊತ್ತಿಲ್ಲದೆ ತಪ್ಪು ಹಾಕಿದೆ. ಗೊತ್ತಾದ ಮೇಲೂ ನಾಲ್ಕು ತಿಂಗಳು ಹೇಳಲಿಲ್ಲ” ಎಂದೆ. ಅವನು ಸುಮ್ಮನಿದ್ದ. ಸ್ವಲ್ಪ ಹೊತ್ತಿನ ಮೇಲೆ, “ತಪ್ಪು ಅಂತ ಬರೆದಿದ್ದು ಪರವಾಗಿಲ್ಲಪ್ಪ. ಕ್ಲಾಸಿಗೆ ತೋರಿಸಬಾರದಿತ್ತು” ಎಂದ.

ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಇಷ್ಟು ಸರಿಯಾಗಿ ನನ್ನನ್ನು ಯಾವ ಇನ್‌ಸ್ಪೆಕ್ಟರೂ ತಿದ್ದಿರಲಿಲ್ಲ.

ರಾತ್ರಿ ಊಟವಾದ ಮೇಲೆ ಶಾಯಿ ತೆರೆದೆವು. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆಯಂಥ ಲೇಪ ಕೊಟ್ಟಿರುತ್ತಾರೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯದಿದ್ದರೆ ಶಾಯಿ ನಿಲ್ಲದೆ ತೊಟ್ಟಿಕ್ಕುತ್ತದೆ. ಅಷ್ಟು ಜಾಗ್ರತೆ ಮಾಡಿಯೂ ಮೊದಲ ಗೆರೆ ಎಳೆದ ಕೂಡಲೇ ಅದಕ್ಕೆ ಕಂಬಳಿಹುಳುವಿನ ಹಾಗೆ ರೋಮ ಹುಟ್ಟಿತು. ಆಗುಂಬೆಯ ತೇವ ಕುಡಿದು ಹಾಳೆ ಮೆತ್ತಗಾಗಿತ್ತು. ಕಾಗದವೆಂದರೆ ನಾರಿನ ಜಾಲ. ಅಂಟು ಸಡಿಲವಾದ ನಾರುಗಳ ಸಂದಿನಲ್ಲಿ ಶಾಯಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಹರಿದುಬಿಡುತ್ತದೆ. ಉಳಿದ ಹಾಳೆಗಳನ್ನು ಬಚ್ಚಲ ಒಲೆಯ ಎದುರು ಹಿಡಿದು ಒಣಗಿಸಿದರೆ ಹಪ್ಪಳದಂತೆ ಸೊಟ್ಟಗಾದವು. ಕೊನೆಗೆ ಆ ಮನೆಯ ಅಜ್ಜಿ ಕೊಟ್ಟ ಅಕ್ಕಿ ಡಬ್ಬಿಯ ಕೆಳಗಿಟ್ಟು ಮಲಗಿದೆವು. ಅಸಲು ಶಾಯಿಯ ಕೆಲಸ ನಡೆದದ್ದು ಶಿವಮೊಗ್ಗಕ್ಕೆ ಬಂದ ಮೇಲೆ, ನಮ್ಮ ಊಟದ ಮೇಜಿನ ಮೇಲೆ, ಐದು ರಾತ್ರಿ.

ಮೊದಲು ಬರೆಯಬೇಕಾದದ್ದು ಹೆಸರು. ಬೆಟ್ಟ, ಮರ ಮೊದಲು ಬರೆದರೆ ಅಕ್ಷರಕ್ಕೆ ಜಾಗ ಉಳಿಯುವುದಿಲ್ಲ. ಇದನ್ನು ಒಂದು ಹಾಳೆ ಕೆಡಿಸಿ ಕಲಿತೆವು. ಇಂಗ್ಲಿಷ್ ನಕ್ಷೆಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಅನುಕೂಲವಿದೆ. ಕನ್ನಡಕ್ಕೆ ಅದಿಲ್ಲ. ಊರಿನ ಹೆಸರನ್ನು ನೆಟ್ಟಗೆ, ನದಿಯ ಹೆಸರನ್ನು ಓರೆಯಾಗಿ, ಬೆಟ್ಟದ ಹೆಸರನ್ನು ಅಕ್ಷರ ಬಿಡಿಸಿ ಬರೆಯುವುದೆಂದು ನಿಯಮ ಮಾಡಿಕೊಂಡೆವು. ಒತ್ತಕ್ಷರಗಳ ಕಾಟ ಬೇರೆ. ‘ಎಲ್ಲಮ್ಮನ ಬೀದಿ’ ಎಂದು ಬರೆದರೆ ಎರಡು ಒತ್ತುಗಳು ಕೆಳಗಿಳಿದು ಬೀದಿಯೊಳಗೇ ಕಾಲು ಚಾಚುತ್ತವೆ. ಬೀದಿಯನ್ನೇ ಅಗಲ ಮಾಡಿದ ಮಗ. ಪುರಸಭೆ ಕೇಳುವುದಿಲ್ಲವಲ್ಲ!

ನದಿಯನ್ನು ಹುಟ್ಟಿದಲ್ಲಿಂದ ಹರಿಯುವ ದಿಕ್ಕಿಗೇ ಎಳೆಯಬೇಕು. ನಿಬ್ಬನ್ನು ಮೊದಲು ಹಗುರಾಗಿ ಮುಟ್ಟಿಸಿ, ಹೋಗಹೋಗುತ್ತ ಒತ್ತಿದರೆ ಸೀಳು ಅಗಲವಾಗಿ ಗೆರೆ ತಾನೇ ದಪ್ಪವಾಗುತ್ತದೆ, ಹಳ್ಳ ಹೊಳೆಯಾದಂತೆ. ಬೆಟ್ಟಕ್ಕೆ ಸಣ್ಣ ಸಣ್ಣ ಗೆರೆಗಳು, ನೀರು ಇಳಿಯುವ ದಿಕ್ಕಿನಲ್ಲಿ. ಕಡಿದಾದಲ್ಲಿ ದಪ್ಪ, ಒತ್ತೊತ್ತಾಗಿ. ಇಳಿಜಾರು ಕಡಿಮೆಯಿದ್ದಲ್ಲಿ ತೆಳು, ವಿರಳ. ಸಮೋನ್ನತ ರೇಖೆಗಳು ರೂಢಿಗೆ ಬರುವ ಮೊದಲು ಯುರೋಪಿನ ಸೈನ್ಯದ ನಕ್ಷೆಗಾರರು ಹೀಗೆಯೇ ಬರೆಯುತ್ತಿದ್ದರು. 1799ರಲ್ಲಿ ಲೇಮನ್ ಎಂಬ ಜರ್ಮನ್ ಅಧಿಕಾರಿ ಇದಕ್ಕೆ ಲೆಕ್ಕದ ನಿಯಮವನ್ನೇ ಕಟ್ಟಿದ. ಬಲಗೈಯವರು ಎಡದ ಮೇಲ್ಮೂಲೆಯಿಂದ ಶುರುಮಾಡಬೇಕು, ಇಲ್ಲದಿದ್ದರೆ ಹಸಿ ಶಾಯಿ ಅಂಗೈಗೆ ಮೆತ್ತುತ್ತದೆ. ನನ್ನ ಮಗ ಎಡಗೈಯವನು. ಪುಸ್ತಕದಲ್ಲಿ ಓದಿ ಹೇಳಿದ ನನ್ನ ಸೂಚನೆಗಳನ್ನೆಲ್ಲ ಅವನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಂಡ.

ಮೂರನೆಯ ರಾತ್ರಿ ನಲ್ಲಪ್ಪನ ತೋಪಿನ ಮೇಲೆ ಒಂದು ಹನಿ ಬಿತ್ತು, ನನ್ನ ಕೈಯಿಂದಲೇ. ಈ ಶಾಯಿ ಇಂಗಾಲದ ಪುಡಿ, ಅರಗು ಕೂಡಿದ್ದು. ಒಣಗಿದರೆ ನೀರಿಗೆ ಬಗ್ಗದು. ಪೂರ್ತಿ ಒಣಗುವವರೆಗೆ ಕಾಯ್ದು, ಬ್ಲೇಡಿನ ಮೂಲೆಯಿಂದ ಕಾಗದದ ಮೇಲ್ಪದರವನ್ನು ಹಗುರಾಗಿ ಕೆರೆದು, ಎದ್ದ ನಾರನ್ನು ಚಮಚದ ಬೆನ್ನಿನಿಂದ ಉಜ್ಜಿ ನಯ ಮಾಡಿದ ಮೇಲೆ ಪುನಃ ಗೆರೆ ಎಳೆಯಬಹುದು. ಮಗ ಇದನ್ನೆಲ್ಲ ಮಾಡುತ್ತಿದ್ದರೆ ನಾನು ಪಕ್ಕದಲ್ಲಿ ಅಪರಾಧಿಯಂತೆ ನಿಂತಿದ್ದೆ. “ಪರವಾಗಿಲ್ಲ ಬಿಡಿ, ಅಲ್ಲೊಂದು ದೊಡ್ಡ ಮರ ಇತ್ತು ಅಂದ್ಕೊಳ್ಳೋಣ” ಎಂದ. ಹೆಂಡತಿ ಅಡುಗೆಮನೆಯಿಂದ ಇಣುಕಿ, “ಮೇಷ್ಟ್ರಿಗೆ ಎಷ್ಟು ಮಾರ್ಕ್ಸು?” ಎಂದಳು.

ಇದರಿಂದ ಪರೀಕ್ಷೆಗೇನು ಲಾಭ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಳೆನೆರಳು, ಜಲವಿಭಾಜಕ, ಪ್ರಮಾಣ ಇವುಗಳ ಮೇಲೆ ಬರುವ ಪ್ರಶ್ನೆಗೆ ಅವನು ಉತ್ತರಿಸಿಯಾನು. ಅರ್ಧ ವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಆರು ಅಂಕ ಕಡಿಮೆ ಬಂದದ್ದನ್ನೂ ಮುಚ್ಚಿಡಲಾರೆ. ಐದು ರಾತ್ರಿಗಳ ಬೆಲೆ ಅದಾಗಿದ್ದರೆ ಇರಲಿ.

ಮಾಲ್ಗುಡಿ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಮೆಂಪಿ ಬೆಟ್ಟದ ಹಿಂಬದಿ ಇನ್ನೂ ಪೆನ್ಸಿಲ್‌ನಲ್ಲೇ ಉಳಿದಿದೆ. ಚೌಕಟ್ಟು ಹಾಕಿಸುವ ಮೊದಲು, ಹಳೆಯ ರೆಕಾರ್ಡ್ ಪುಸ್ತಕ ಇದೆಯೇನೋ ಎಂದು ಕೇಳಿದೆ. ಮಂಚದ ಕೆಳಗಿನ ಟ್ರಂಕಿನಿಂದ ತಂದ, ಎಸೆದಿರಲಿಲ್ಲ. ಕೆಂಪು ಸುತ್ತನ್ನು ಬ್ಲೇಡಿನಿಂದ ಕೆರೆದು ತೆಗೆಯೋಣವೇ ಎಂದೆ. ಬಾಲ್ ಪೆನ್ನಿನ ಶಾಯಿ ಆಳಕ್ಕೆ ಇಳಿದಿರುತ್ತದೆ, ಹಾಳೆ ತೂತಾಗುತ್ತದೆ, ಬೇಡ ಎಂದ. ಹೊಸ ಡ್ರಾಯಿಂಗ್ ಶೀಟೊಂದನ್ನು ಅದರ ಪಕ್ಕಕ್ಕಿಟ್ಟುಕೊಂಡು, ಗಾಳಿಯ ಬಾಣದ ಗುರುತು ಎಲ್ಲಿ ಹಾಕಲಿ ಎಂದು ಯೋಚಿಸುತ್ತ ಕೂತ. ನಿಬ್ಬುಗಳಲ್ಲಿ ಎರಡರ ತುದಿ ಸವೆದಿದೆ, ಪೇಟೆಗೆ ಹೋದಾಗ ತರಬೇಕಂತೆ.